ಒಂದೂವರೆ ಸುತ್ತು

ಈ ವಾರದ ಬರಹ ಒಂದು ತಿದ್ದುಪಡಿ.

ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿಗೆಂದೇ ಒಂದು ಜಾಗವಿದೆ. ಮೂರನೇ ಪುಟದ ಕೆಳಗೆ, ಕಾಫಿ ಧಾರಣೆಗೂ ಬಸ್ಸಿನ ಟೈಮಿಗೂ ನಡುವೆ, ಇರುವೆ ಸಾಲಿನಂಥ ಅಕ್ಷರದಲ್ಲಿ. 'ಶ್ರೀಯುತರು ಎಂದಿರುವುದನ್ನು ಶ್ರೀಮತಿಯವರು ಎಂದು ಓದಿಕೊಳ್ಳತಕ್ಕದ್ದು' ಎನ್ನುವ ಜಾತಿಯದು. ನನ್ನದನ್ನೂ ಅಲ್ಲೇ ಹಾಕಿಬಿಡಿ ಎಂದು ಸಂಪಾದಕರಿಗೆ ಒಂದು ಚೀಟಿ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು. ಫೆಬ್ರವರಿಯಲ್ಲಿ ಬರೆದ ತಪ್ಪಿಗೆ ಅಕ್ಟೋಬರಿನಲ್ಲಿ ತಿದ್ದುಪಡಿಯೇ, ಅದೂ ಒಂದು ಸ್ಕ್ರೂ ವಿಷಯಕ್ಕೆ, ಅದನ್ನು ಆವತ್ತು ಯಾರು ಓದಿದ್ದರು ಮೇಷ್ಟ್ರೇ ಎಂದರು.

ಒಬ್ಬರು ಓದಿದ್ದರು. ತೊಂದರೆಯಾದದ್ದೇ ಅಲ್ಲಿ.

ಫೆಬ್ರವರಿಯ ಆ ಬರಹ ನಿಮಗೆ ನೆನಪಿರಲಿಕ್ಕಿಲ್ಲ. ನೆನಪಿಲ್ಲದಿದ್ದರೆ ಒಳ್ಳೆಯದೇ. ಸುಂಟಿಕೊಪ್ಪದ ಒಬ್ಬ ಸ್ಕೂಲ್ ಮೇಷ್ಟ್ರು, ಅಂದರೆ ನಾನು, ಜನ್ಮದಲ್ಲಿ ಒಂದು ಕ್ಯಾಮೆರಾ ಇಟ್ಟುಕೊಂಡವನಲ್ಲ. ಆದರೆ ಕ್ಯಾಮೆರಾದ ಬಗ್ಗೆ ನನ್ನಷ್ಟು ಮಾತಾಡುವವರು ಈ ಕೂರ್ಗ್ ಸ್ಟೇಟಿನಲ್ಲಿ ಇನ್ನೊಬ್ಬರಿಲ್ಲ. ಕಾರಣ, ಇಂಗ್ಲೆಂಡಿಗೆ ವಾಪಸು ಹೊರಟ ಎಸ್ಟೇಟ್ ದೊರೆಯೊಬ್ಬರ ಬಂಗಲೆಯಿಂದ ನಮ್ಮ ಶಾಲೆಗೆ ಬಂದ ಎರಡು ಪೆಟ್ಟಿಗೆ ಇಂಗ್ಲಿಷ್ ಮ್ಯಾಗಜೀನುಗಳು. ಎಲ್ಲವೂ ಫೋಟೋಗ್ರಫಿ. ಶಾಲೆಯಲ್ಲಿ ಯಾರಿಗೂ ಬೇಡವಾಗಿ ನನ್ನ ಮನೆಗೆ ಬಂದವು. (ನನ್ನ ಹೆಂಡತಿ ಅವನ್ನು ಅಟ್ಟಕ್ಕೆ ಹಾಕಿದಳು. ನಾನು ಒಂದೊಂದಾಗಿ ಇಳಿಸಿಕೊಂಡೆ.)

ಅದನ್ನೆಲ್ಲ ಓದಿ, ತಲೆಗೆ ಏರಿಸಿಕೊಂಡು, ಒಂದು ವಾರ ಬರೆಯಲು ಬೇರೇನೂ ಸಿಗದೆ ಬರೆದೆ. ಮೊದಲು ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಕಪ್ಪು ಬಟ್ಟೆ, ಮೂರು ಕಾಲು. ಲೆನ್ಸನ್ನು ಒಂದು ಹಲಗೆಗೆ ಕೂರಿಸಿ, ಹಲಗೆ ಸಮೇತ ಬದಲಾಯಿಸುತ್ತಿದ್ದರು. ಆಮೇಲೆ ಜರ್ಮನಿಯಲ್ಲಿ ಸೂಕ್ಷ್ಮದರ್ಶಕ ಮಾಡುವ ಒಂದು ಕಂಪನಿಯವರು ಸಿನಿಮಾ ಫಿಲಂ ಹಾಕುವ, ಕೋಟಿನ ಜೇಬಿಗೆ ಹಿಡಿಸುವ ಕ್ಯಾಮೆರಾ ಮಾಡಿದರು. ಮೊದಮೊದಲು ಅದರ ಲೆನ್ಸು ಕಳಚಲು ಬರುತ್ತಿರಲಿಲ್ಲ. ಆಮೇಲೆ ತಿರುಪು ಕೊಟ್ಟು, ತಿರುಗಿಸಿ ತೆಗೆಯುವ ಹಾಗೆ ಮಾಡಿದರು. ಆಗಲೂ ಒಂದರ ಲೆನ್ಸು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಒಂದೊಂದು ಲೆನ್ಸನ್ನೂ ಅದರದೇ ಕ್ಯಾಮೆರಾಕ್ಕೆ ಹೊಂದಿಸಿ, ಅದರ ನಂಬರು ಕೆತ್ತಿ, ಜೋಡಿ ಮಾಡಿ ಕಳಿಸುತ್ತಿದ್ದರು. ಕೊನೆಗೆ ಎಲ್ಲಕ್ಕೂ ಒಂದೇ ಅಳತೆ ತಂದರು. ಹಾಗೆ ಅಳತೆಗೆ ಬಂದದ್ದಕ್ಕೆ ಗುರುತು ಒಂದು ಸೊನ್ನೆ. ಸೊನ್ನೆ ಇದ್ದರೆ ಯಾವ ಲೆನ್ಸು ಬೇಕಾದರೂ ಹಾಕಿಕೊಳ್ಳಬಹುದು.

ಯುದ್ಧ ಮುಗಿಯಿತು, ಜರ್ಮನಿಯವರ ಪೇಟೆಂಟುಗಳು ಹೋದವು. ಇಂಗ್ಲೆಂಡು, ರಷ್ಯಾ, ಇಟಲಿ, ಜಪಾನು, ಎಲ್ಲರೂ ಅದೇ ಬಾಯಿ ಅಳತೆಯ ಕ್ಯಾಮೆರಾ ಮಾಡತೊಡಗಿದರು. ಮೂವತ್ತೊಂಬತ್ತು ಮಿಲಿಮೀಟರು. ನಿನ್ನೆ ಒಬ್ಬರಿಗೊಬ್ಬರು ಬಾಂಬು ಹಾಕಿಕೊಂಡವರ ಲೆನ್ಸು ಇವತ್ತು ಒಬ್ಬರದು ಒಬ್ಬರಿಗೆ ಕೂರುತ್ತದೆ. ಎಂಥ ವಿಷಯ ನೋಡಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಮೈಸೂರಿನ ಜೊತೆ ನಮ್ಮನ್ನು ಸೇರಿಸುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತಲ್ಲ, ಅದನ್ನೂ ತಂದು ಗಂಟು ಹಾಕಿದೆ. ಸೇರುವುದಕ್ಕೆ ಯಾಕೆ ಹೆದರಬೇಕು ಎಂದು ಕೇಳಿ, ಕೊನೆಗೆ ಈ ಸಾಲು ಬರೆದೆ: 'ಬಾಯಿ ಅಳತೆ ಒಂದೇ ಆಗಿದ್ದರೆ ಸಾಕು, ತಿರುಗಿಸಿದರೆ ಕೂತೇ ಕೂರುತ್ತದೆ.'

ತುಂಬ ಜನ ಮೆಚ್ಚಿದರು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಕೈ ಕುಲುಕಿದರು. ಯಾರಿಗೆ ಖುಷಿಯಾಗುವುದಿಲ್ಲ?

ಅದೇ ಬರಹದಲ್ಲಿ ಬಿಟ್ಟಂಗಾಲದ ಸುಬೇದಾರ್ ಬೋಪಯ್ಯನವರ ಪ್ರಸ್ತಾಪವೂ ಇತ್ತು. ಯುದ್ಧ ಮುಗಿದ ಮೇಲೆ ಪಲ್ಟನ್ನಿನ ಜೊತೆ ಜಪಾನಿನಲ್ಲಿ ಇದ್ದು ಬಂದವರು. ಬರುವಾಗ ಒಂದು ಕ್ಯಾಮೆರಾ ಲೆನ್ಸು ತಂದಿದ್ದರು, ಬರೀ ಲೆನ್ಸು. ಕ್ಯಾಮೆರಾ ಹಡಗಿನಲ್ಲೇ ಕಳವಾಯಿತಂತೆ. ಆ ಲೆನ್ಸನ್ನು ಕಣ್ಣಿಗೆ ಹಿಡಿದುಕೊಂಡು ಅವರು ಪೇಪರಿನ ಸಣ್ಣ ಅಕ್ಷರ ಓದುತ್ತಿದ್ದರು. ನನ್ನ ಅಂಕಣವನ್ನೂ ಅದರಲ್ಲೇ ಓದುತ್ತಾರೆಂದು ನಾನು ಜಂಬದಿಂದ ಬರೆದಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಒಬ್ಬರು ಮನೆಗೆ ಬಂದರು. ಸಿದ್ದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್. (ನನ್ನ ಹಾಗೆ ಬಾಯಿಗೆ ಬಂದದ್ದು ಬರೆಯುವ ರೈಟರ್ ಅಲ್ಲ. ಆಳುಗಳ ಹಾಜರಿ ಬರೆಯುವ ರೈಟರ್.) ಹೆಸರು ಪುಟ್ಟಸ್ವಾಮಿ. ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು ನೆಲೆಸಿದವರ ಮಗ. ಮೂವತ್ತು ವರ್ಷವಿರಬಹುದು. ಕೈಯಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ಒಂದು ಜರ್ಮನ್ ಕ್ಯಾಮೆರಾ, ಒಂದು ಲೆನ್ಸು.

ಕ್ಯಾಮೆರಾ ಅವರ ದೊರೆ ಬಿಟ್ಟುಹೋದದ್ದು. ಅದರದೇ ಲೆನ್ಸು ಬಂಗಲೆಯ ಬೀರುವಿನಲ್ಲಿ ಎರಡು ಮಳೆಗಾಲ ಕಳೆದು, ಒಳಗೆಲ್ಲ ಬೂಷ್ಟು ಹಿಡಿದು ಹಾಳಾಗಿತ್ತು. ನನ್ನ ಅಂಕಣ ಓದಿದ ಮೇಲೆ ಪುಟ್ಟಸ್ವಾಮಿ ಬಿಟ್ಟಂಗಾಲಕ್ಕೆ ಹೋಗಿ ಸುಬೇದಾರರನ್ನು ಕೇಳಿದ್ದಾರೆ. ಸುಬೇದಾರರು ವಿಷಯ ಕೇಳಿ ಎರಡು ಮಾತಾಡದೆ ಲೆನ್ಸು ಕೊಟ್ಟಿದ್ದಾರೆ.

ವಿಷಯ ಇದು. ಪುಟ್ಟಸ್ವಾಮಿಯ ಹೆಂಡತಿ ಜಯಮ್ಮನಿಗೆ ಟಿ.ಬಿ. ಮೈಸೂರಿನ ಆಚೆ ಒಂದು ಸ್ಯಾನಿಟೋರಿಯಂನಲ್ಲಿ ಹಾಸಿಗೆ ಸಿಕ್ಕಿತ್ತು. ಒಂದು ವರ್ಷವಾದರೂ ಅಲ್ಲಿರಬೇಕು ಎಂದಿದ್ದರು. ಎರಡೂವರೆ ವರ್ಷದ ಮಗಳಿದ್ದಳು, ಸರೋಜ. ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಮನೆಯಲ್ಲೂ ನಾಲ್ಕು ತಿಂಗಳಿಂದ ತಾಯಿ ಮಗುವನ್ನು ಮುಟ್ಟಿರಲಿಲ್ಲ. ಆಕೆ ಗಂಡನನ್ನು ಕೇಳಿದ್ದು ಒಂದೇ. ಮಗಳದೊಂದು ಫೋಟೋ ಮಾಡಿಸಿ ಕೊಡಿ, ಅಲ್ಲಿ ನೋಡಿಕೊಂಡು ಇರ್ತೀನಿ.

ಕ್ಯಾಮೆರಾ ಇದೆ, ಲೆನ್ಸೂ ಇದೆ. ಆದರೆ ಪುಟ್ಟಸ್ವಾಮಿಗೆ ಒಂದು ಅನುಮಾನವಿತ್ತು.

"ಒಂದೂವರೆ ಸುತ್ತು ಹೋಗ್ತದೆ ಮೇಷ್ಟ್ರೇ. ಆಮೇಲೆ ನಿಂತ್ಕೊಳ್ತದೆ," ಎಂದರು.

ನಾನು ಕೈಗೆ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಅಂಥದ್ದೊಂದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಣ್ಣಗಿತ್ತು, ಭಾರವಿತ್ತು. ಸ್ಕೇಲು ಇಟ್ಟು ಅಳೆದೆ. ಎರಡರದೂ ಮೂವತ್ತೊಂಬತ್ತೇ. ತಿರುಗಿಸಿದೆ. ಒಂದೂವರೆ ಸುತ್ತಿಗೆ ನಿಂತಿತು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಉಗುರು ತೂರುವಷ್ಟು ಸಂದು.

ಆಗ ಒಂದು ಕ್ಷಣ ನನಗೂ ಅನುಮಾನ ಬಂತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಂಕಣದಲ್ಲಿ ಬರೆದವನು ನಾನು. 'ನನಗೆ ಗೊತ್ತಿಲ್ಲ' ಎನ್ನುವ ನಾಲ್ಕು ಅಕ್ಷರದ ಮಾತು ಇಂಥ ಹೊತ್ತಿನಲ್ಲಿ ಎಲ್ಲಿಗೆ ಹೋಗಿರುತ್ತದೆ ಹೇಳಿ? (ಲೆಕ್ಕ ಹಾಕಬೇಡಿ, ನಾಲ್ಕಕ್ಕಿಂತ ಜಾಸ್ತಿ ಇದೆ. ನನ್ನ ಲೆಕ್ಕ ಯಾವತ್ತೂ ಹೀಗೆಯೇ.)

ಬಹಳ ದಿನ ಬಳಸದ ತಿರುಪು, ಬಿಗಿಯಾಗಿದೆ ಅಷ್ಟೇ ಎಂದೆ. ಪಕ್ಕದ ಮನೆಯಿಂದ ಕೋವಿಗೆ ಹಾಕುವ ಎಣ್ಣೆ ತರಿಸಿದೆ. ಕೊಡಗಿನಲ್ಲಿ ಯಾವುದು ಬಿಗಿಯಾದರೂ ನಾವು ಮಾಡುವುದು ಅದನ್ನೇ ತಾನೆ? ಹೊಲಿಗೆ ಮೆಷಿನ್ನಿಗೆ, ಬಾಗಿಲ ಚಿಲಕಕ್ಕೆ, ಗೋಡೆ ಗಡಿಯಾರಕ್ಕೆ, ಎಲ್ಲಕ್ಕೂ ಕೋವಿಯ ಎಣ್ಣೆ. ಎರಡು ತೊಟ್ಟು ಬಿಟ್ಟೆ, ಟವೆಲ್ಲು ಸುತ್ತಿ ಹಿಡಿದೆ, ಉಸಿರು ಕಟ್ಟಿ ತಿರುಗಿಸಿದೆ. ಕರ್ ಎಂದಿತು. ಇನ್ನೊಂದರ್ಧ ಸುತ್ತು ಹೋಗಿ, ಕಲ್ಲಿನ ಹಾಗೆ ನಿಂತಿತು. ಸಂದು ಸಣ್ಣದಾಗಿತ್ತು, ಹೋಗಿರಲಿಲ್ಲ. ಅದನ್ನು ನಾನು ನೋಡಿದೆ. ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ.

"ಕೂತಿತು," ಎಂದೆ.

ಪುಟ್ಟಸ್ವಾಮಿ ಕೈ ಮುಗಿದು ಹೋದರು.

ಜಯಮ್ಮ ಹೊರಡುವ ಹಿಂದಿನ ದಿನ ಫೋಟೋ ತೆಗೆದರು. ಕಾಫಿ ಒಣಗಿಸುವ ಕಣದಲ್ಲಿ, ಒಳ್ಳೆಯ ಬಿಸಿಲಿನಲ್ಲಿ, ಸ್ಟೂಲಿನ ಮೇಲೆ ಮಗುವನ್ನು ಕೂರಿಸಿ. ಜಯಮ್ಮನದೂ ಒಂದು ತೆಗೆಯುತ್ತೇನೆ ಎಂದರಂತೆ ಪುಟ್ಟಸ್ವಾಮಿ. ಅವರ ತಾಯಿ ಬಿಡಲಿಲ್ಲ. ಕಾಯಿಲೆಯವರ ಫೋಟೋ ಹಿಡಿಯಬಾರದು, ಆಯಸ್ಸು ಕಮ್ಮಿಯಾಗುತ್ತದೆ, ವಾಸಿಯಾಗಿ ಬರಲಿ ಆಮೇಲೆ ತೆಗೆದರಾಯಿತು ಎಂದರು. ಸೊಸೆಯ ಮೇಲಿನ ಪ್ರೀತಿಗೇ ಹೇಳಿದ್ದು. ಮದುವೆಯಲ್ಲೂ ಫೋಟೋದವರನ್ನು ಕರೆಸಿರಲಿಲ್ಲ. ಹಾಗಾಗಿ ಜಯಮ್ಮನದು ಅಂತ ಒಂದು ಫೋಟೋ ಎಲ್ಲೂ ಇರಲಿಲ್ಲ.

ಫಿಲಂ ತೊಳೆಸಲು ಮೈಸೂರಿಗೆ ಕಳಿಸಿದರು. ಹತ್ತು ದಿನಕ್ಕೆ ಪ್ರಿಂಟು ಬಂತು, ಅದನ್ನು ತೆಗೆದುಕೊಂಡು ಪುಟ್ಟಸ್ವಾಮಿ ನನ್ನ ಹತ್ತಿರ ಬಂದರು.

ಮಗು ಮಂಜಿನ ಒಳಗಿತ್ತು. ಸ್ಟೂಲಿದೆ, ಫ್ರಾಕಿದೆ, ಮೇಲೊಂದು ಬಿಳಿ ಉಂಡೆ. ಕಣ್ಣು ಮೂಗು ಏನೂ ಇಲ್ಲ. ತೆಗೆದ ಆರಕ್ಕೆ ಆರೂ ಹಾಗೆಯೇ.

ಆಗ ನಾನೇನು ಹೇಳಿದೆ? ನಿಮ್ಮ ಕೈ ಅಲ್ಲಾಡಿದೆ ಎಂದೆ. ಮಗುವೂ ಅಲ್ಲಾಡಿರಬೇಕು ಎಂದೆ. ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ತೆಗೆಯಿರಿ ಎಂದೆ. ಈ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿ ಬೇರೆ, ಫಿಲಂ ನೋಡುವ ಕಣ್ಣು ಬೇರೆ. ಕಿಂಡಿಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ತಪ್ಪು ಎಲ್ಲಿದೆ ಎಂದು ತೆಗೆಯುವವನಿಗೆ ಗೊತ್ತಾಗುವುದೇ ಇಲ್ಲ. ಇದನ್ನೂ ನಾನು ಮ್ಯಾಗಜೀನಿನಲ್ಲಿ ಓದಿದ್ದೆ. ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ.

ಜಯಮ್ಮನಿಗೆ ಇದನ್ನೇ ಈಗ ಕಳಿಸಲೇ ಎಂದು ಕೇಳಿದರು. ನಾನು ಬೇಡ ಎಂದೆ. ಇಂಥದ್ದನ್ನು ನೋಡಿದರೆ ಆಕೆಯ ಮನಸ್ಸು ಕೆಡುತ್ತದೆ, ಒಂದು ಒಳ್ಳೆಯದು ಬರಲಿ, ಅದನ್ನೇ ಕಳಿಸಿ ಎಂದೆ.

ಎರಡನೇ ರೋಲೂ ಹಾಗೇ ಬಂತು. ಫಿಲಂ ಹಳೆಯದಿರಬೇಕು ಎಂದೆ. ಮೂರನೆಯದೂ ಹಾಗೇ ಬಂತು. ತೊಳೆಯುವವರು ಸರಿಯಿಲ್ಲ ಎಂದೆ. ನನ್ನ ಹೆಂಡತಿ ಒಳಗಿನಿಂದ ಕೇಳಿಸಿಕೊಂಡವಳು, ಆ ಮಗುವನ್ನು ಎತ್ತಿಕೊಂಡು ಮಡಿಕೇರಿಯ ಸ್ಟುಡಿಯೋಕ್ಕೆ ಹೋಗಿ ತೆಗೆಸಬಾರದೇ ಎಂದಳು. ಎಷ್ಟು ಸುಲಭದ ಮಾತು. ಅದಕ್ಕೆ ನಾನು, ಇಂಥ ಜರ್ಮನ್ ಕ್ಯಾಮೆರಾ ಕೈಯಲ್ಲಿ ಇಟ್ಟುಕೊಂಡು ಸ್ಟುಡಿಯೋದ ಡಬ್ಬಕ್ಕೆ ಹೋಗಬೇಕಾ ಎಂದು ನಕ್ಕೆ. ಪುಟ್ಟಸ್ವಾಮಿಯೂ ನಕ್ಕರು, ನಾನು ನಕ್ಕೆನೆಂದು. ಪತ್ರಿಕೆಯಲ್ಲಿ ಬರೆಯುವ ಮೇಷ್ಟ್ರು ಹೇಳಿದ್ದು ಸರಿಯೇ ಇರುತ್ತದೆಂದು ಅವರು ನಂಬಿದ್ದರು. ಒಬ್ಬರು ನಮ್ಮನ್ನು ಅಷ್ಟು ನಂಬುತ್ತಾರೆ ಎಂದು ಗೊತ್ತಿದ್ದೂ ನಾವು ಎಷ್ಟು ಹಗುರಾಗಿ ಬಾಯಿ ಬಿಡುತ್ತೇವಲ್ಲ.

ನಡುವೆ ಜಯಮ್ಮನ ಕಾಗದಗಳು ಬರುತ್ತಿದ್ದವು. ಆಕೆ ನಾಲ್ಕನೇ ಕ್ಲಾಸು ಓದಿದ್ದರು. ಮೊದಲನೆಯದರಲ್ಲಿ ಫೋಟೋ ಆಯಿತೇ ಎಂದು ಕೇಳಿದ್ದರು. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಪುಟ್ಟಸ್ವಾಮಿ ನನಗೆ ಓದಿ ಹೇಳಿದರು. 'ಸರಿ ಬರದಿದ್ದರೂ ಚಿಂತೆ ಇಲ್ಲ, ಹೆಂಗಿದ್ರೂ ಕಳಿಸಿ' ಎಂದಿತ್ತು.

ಇನ್ನೊಂದು ವಾರ ನೋಡೋಣ ಎಂದೆ.

ಈ ಮಾತನ್ನು ನಾನು ಹೇಳಿದ್ದು ಹೌದು. ನಮ್ಮ ಮನೆಯ ಜಗಲಿಯಲ್ಲಿ, ಕಾಫಿ ಕುಡಿಯುತ್ತಾ ಹೇಳಿದೆ. ಇದನ್ನು ಇಲ್ಲಿ ಬರೆಯದೆ ಬಿಟ್ಟರೆ ಇಡೀ ಬರಹ ಸುಳ್ಳಾಗುತ್ತದೆ.

ಆಮೇಲೆ ಎಸ್ಟೇಟಿನಲ್ಲಿ ಕೆಲಸ ಜೋರಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಂತು, ಔಷಧಿ ಹೊಡೆಯುವುದು ಬಂತು, ನೆರಳಿನ ಮರಗಳ ಕೊಂಬೆ ಕಡಿಯುವುದು ಬಂತು. ನನಗೆ ಪರೀಕ್ಷೆ, ಆಮೇಲೆ ರಜೆ. ಆಷಾಢದಲ್ಲಿ ಒಂದು ದಿನ ಸಿದ್ದಾಪುರಕ್ಕೆ ತಂತಿ ಬಂತು. ಪುಟ್ಟಸ್ವಾಮಿ ಮೂರು ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲೇ ಮಣ್ಣು ಮಾಡಿ ಬಂದರು.

ಅಲ್ಲಿಯ ನರ್ಸಮ್ಮ ಒಂದು ಮಾತು ಹೇಳಿದರಂತೆ. ಜಯಮ್ಮನ ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಔಷಧಿ ಸೀಸೆಗಳನ್ನೆಲ್ಲ ಆಕೆ ಒಂದು ಕಡೆಗೆ ಒತ್ತಿಟ್ಟು, ಇನ್ನೊಂದು ಕಡೆ ಖಾಲಿ ಬಿಟ್ಟಿದ್ದರಂತೆ. ಅಲ್ಲಿ ಏನಾದರೂ ಇಡಲು ಹೋದರೆ, ಅದು ನಮ್ಮ ಸರೋಜನ ಜಾಗ, ಫೋಟೋ ಬರ್ತಾ ಇದೆ ಎನ್ನುತ್ತಿದ್ದರಂತೆ.

ಇದನ್ನು ಪುಟ್ಟಸ್ವಾಮಿ ನನಗೆ ಹೇಳಿದ್ದು ಬೈಯಲು ಅಲ್ಲ. ಸುಮ್ಮನೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಇಷ್ಟಾದರೂ ನನಗೆ ತಪ್ಪು ಯಾರದೆಂದು ಗೊತ್ತಿರಲಿಲ್ಲ. ಗೊತ್ತಾದದ್ದು ಸುಬೇದಾರರಿಂದ. ಅವರು ಲೆನ್ಸು ಕೊಟ್ಟ ಮೇಲೆ ಐದಾರು ತಿಂಗಳಿಂದ ಪೇಪರು ಓದಿರಲಿಲ್ಲ. ತುಂಬ ಸಂಕೋಚದಿಂದ ಹೇಳಿ ಕಳಿಸಿದರು, ಕೆಲಸ ಆಗಿದ್ದರೆ ವಾಪಸು ಕೊಡಬಹುದೇ ಎಂದು. ಯಾವ ಕೆಲಸಕ್ಕೆ ಕೊಟ್ಟಿದ್ದರೋ ಅದು ಏನಾಯಿತೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಲೆನ್ಸು ಕಳಚಲು ಹೋದರೆ ಬರಲಿಲ್ಲ. ನಾನು ಉಸಿರು ಕಟ್ಟಿ ಕೂರಿಸಿದ್ದಲ್ಲವೇ? ಪುಟ್ಟಸ್ವಾಮಿ ಮತ್ತು ನಾನು ಅದನ್ನು ಅವರ ಎಸ್ಟೇಟಿನ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆವು. ಅಲ್ಲಿಯ ಫಿಟ್ಟರ್ ಮುತ್ತು, ಸೇಲಂ ಕಡೆಯವರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನನ್ನು ಮೂವತ್ತು ವರ್ಷದಿಂದ ಬಿಚ್ಚಿ ಜೋಡಿಸುತ್ತಾ ಇದ್ದಾರೆ. ಕ್ಯಾಮೆರಾ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಬಿಸಿ ಮಾಡಿದರು, ಮರದ ಹಿಡಿಯಿಂದ ನಾಲ್ಕು ಸಲ ತಟ್ಟಿದರು, ಹಿಂದೆ ಮುಂದೆ ಆಡಿಸಿ ಬಿಡಿಸಿದರು. ಲೆನ್ಸಿನ ಹಿಂಭಾಗ ನೋಡಿದರು. ಕ್ಯಾಮೆರಾದ ಬಾಯಿ ನೋಡಿದರು. ನನ್ನನ್ನು ನೋಡಿದರು.

"ಮರೈ ಬೇರೆ ಸಾಮಿ," ಎಂದರು.

ನನಗೆ 'ಮರೆ' ಎಂದು ಕೇಳಿಸಿತು. ಏನನ್ನು ಮರೆಯಬೇಕು ಎಂದುಕೊಂಡೆ. ಪುಟ್ಟಸ್ವಾಮಿಗೆ ಅಷ್ಟು ತಮಿಳು ಬರುತ್ತದೆ. ತಿರುಪಿನಲ್ಲಿ ಸುತ್ತು ಸುತ್ತಾಗಿ ಗೆರೆ ಇರುತ್ತದಲ್ಲ, ಅದಕ್ಕೆ ಅವರ ಮಾತಿನಲ್ಲಿ ಮರೈ ಅನ್ನುತ್ತಾರೆ ಎಂದರು.

ಮುತ್ತು ಗೋಡೆಯಿಂದ ಒಂದು ಉಪಕರಣ ತೆಗೆದರು. ಚಾಕುವಿನ ಹಾಗೆ ಮಡಚುವಂಥದ್ದು, ಬಾಚಣಿಗೆಯಂಥ ಹಲ್ಲಿನ ಹತ್ತಿಪ್ಪತ್ತು ತಗಡು ಅದರಲ್ಲಿ. ಒಂದೊಂದರ ಮೇಲೂ ಒಂದು ನಂಬರು. ಇಂಚಿಗೆ ಎಷ್ಟು ಗೆರೆ ಎಂದು ಅಳೆಯುವುದಕ್ಕೆ. ಕ್ಯಾಮೆರಾದ ಬಾಯಿಗೆ ಇಪ್ಪತ್ತಾರರ ತಗಡು ಸರಿಯಾಗಿ ಕೂತಿತು. ಅದನ್ನೇ ಲೆನ್ಸಿಗೆ ಇಟ್ಟರೆ ಹಲ್ಲು ಹಲ್ಲಿನ ಮೇಲೆ ಹತ್ತಿತು. ಲೆನ್ಸಿಗೆ ಕೂತದ್ದು ಇಪ್ಪತ್ತನಾಲ್ಕರದು.

ಜರ್ಮನಿಯ ಕಂಪನಿ ಸೂಕ್ಷ್ಮದರ್ಶಕ ಮಾಡುತ್ತಿದ್ದದ್ದಲ್ಲವೇ, ಸೂಕ್ಷ್ಮದರ್ಶಕದ ತಿರುಪೆಲ್ಲ ಇಂಗ್ಲಿಷರ ಇಂಚಿನ ಲೆಕ್ಕ. ಆ ಅಭ್ಯಾಸದಲ್ಲಿ ಕ್ಯಾಮೆರಾಕ್ಕೂ ಇಂಚಿಗೆ ಇಪ್ಪತ್ತಾರು ಗೆರೆ ಹಾಕಿದರು. ಜಪಾನಿನಲ್ಲಿ ಮೊದಮೊದಲು ಮಾಡಿದವರು ಬಾಯಿ ಅಳತೆ ಅದೇ ಇಟ್ಟುಕೊಂಡು ಗೆರೆಯನ್ನು ಇಪ್ಪತ್ತನಾಲ್ಕು ಹಾಕಿದ್ದರು. ಆಮೇಲೆ ಸರಿಪಡಿಸಿಕೊಂಡರು. ಸುಬೇದಾರರದು ಆ ಮೊದಲಿನ ಕಾಲದ್ದು. ಮನೆಗೆ ಬಂದು ಮ್ಯಾಗಜೀನು ಹುಡುಕಿದರೆ ಇದೂ ಇತ್ತು, ಒಂದು ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ. ನಾನು ಆ ಪುಟ ಓದಿದ್ದೆ. ಸಣ್ಣ ಅಕ್ಷರ ಬಿಟ್ಟಿದ್ದೆ.

ಇಂಚಿಗೆ ಎರಡು ಗೆರೆಯ ವ್ಯತ್ಯಾಸ. ಅದರಿಂದ ಲೆನ್ಸು ಪೂರ್ತಿ ಒಳಗೆ ಹೋಗದೆ ಸ್ವಲ್ಪ ಹೊರಗೇ ನಿಂತಿತು. ಲೆನ್ಸು ಫಿಲಂನಿಂದ ಅಷ್ಟು ದೂರ ನಿಂತರೆ, ಹತ್ತಿರ ಇರುವುದು ಸ್ಪಷ್ಟ, ಆಚೆ ಇರುವುದೆಲ್ಲ ಮಂಜು. ಪುಟ್ಟಸ್ವಾಮಿಯ ಕೈ ಅಲ್ಲಾಡಿರಲಿಲ್ಲ, ಮಗು ಅಲ್ಲಾಡಿರಲಿಲ್ಲ. ಫಿಲಂ ಒಳ್ಳೆಯದೇ ಇತ್ತು, ಮೈಸೂರಿನಲ್ಲಿ ತೊಳೆದವರದೂ ಏನೂ ತಪ್ಪಿಲ್ಲ. ತಪ್ಪೆಲ್ಲ ಟವೆಲ್ಲು ಸುತ್ತಿ ತಿರುಗಿಸಿದವನದು.

ಎರಡು ವರ್ಷದ ಹಿಂದೆ ಆ ಜರ್ಮನ್ ಕಂಪನಿಯವರು ತಿರುಪನ್ನೇ ಬಿಟ್ಟರಂತೆ. ಈಗ ಬಯೊನೆಟ್. ಕೋವಿಯ ತುದಿಗೆ ಸಿಕ್ಕಿಸುವ ಬಯೊನೆಟ್ಟಿನ ಹಾಗೆ, ಒಳಗಿಟ್ಟು ಚೂರು ತಿರುಗಿಸಿದರೆ ಟಕ್ ಎನ್ನುತ್ತದೆ. ಮಿಲಿಟರಿಯವರು ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಆ ಟಕ್ ಎಲ್ಲರಿಗೂ ಗೊತ್ತು. ಹಳೆಯ ಲೆನ್ಸು ಇರುವವರ ಗತಿ ಏನು ಎಂದು ಅದಕ್ಕೊಂದು ಬಳೆಯನ್ನೂ ಮಾಡಿದ್ದಾರೆ. ಅದನ್ನು ನಡುವೆ ಹಾಕಿಕೊಂಡರೆ ತಿರುಪಿನದೂ ಹೊಸದಕ್ಕೆ ಆಗುತ್ತದೆ. ಬೇರೆ ಕಂಪನಿಗಳವರದು ಇದಕ್ಕೂ ಮೊದಲೇ ಬಯೊನೆಟ್ಟು. ಯಾಕೆ ಹೀಗೆ ಮಾಡಿದರು ಎಂದರೆ, ಬೇಗ ಬದಲಾಯಿಸಬಹುದು ಎಂದು ಮ್ಯಾಗಜೀನಿನವರು ಬರೆಯುತ್ತಾರೆ. ನನಗೆ ಈಗ ಬೇರೆಯೇ ಕಾರಣ ಕಾಣುತ್ತದೆ. ಬಯೊನೆಟ್ಟಿನಲ್ಲಿ ತನ್ನದಲ್ಲದ್ದು ಕೂರುವುದೇ ಇಲ್ಲ, ಕೈಗೆ ಆಗಲೇ ಗೊತ್ತಾಗುತ್ತದೆ. ತಿರುಪಿನಲ್ಲಿ ತನ್ನದಲ್ಲದ್ದೂ ಒಂದೂವರೆ ಸುತ್ತು ಹೋಗುತ್ತದೆ. ನನ್ನಂಥವನಿಗೆ ಅಷ್ಟು ಸಾಕು.

ರಾಜ್ಯ ಸೇರುವ ವಿಷಯದಲ್ಲಿ ನಾನು ಬರೆದದ್ದನ್ನು ಏನು ಮಾಡಬೇಕೋ ತಿಳಿಯದು. ಮುಂದಿನ ತಿಂಗಳು ನಾವೆಲ್ಲ ಮೈಸೂರಿನವರಾಗುತ್ತೇವೆ. ಚೆನ್ನಾಗಿ ಕೂರಲಿ. ಆ ಬಗ್ಗೆ ಮಾತಾಡುವ ಬಾಯಿ ಈಗ ನನಗಿಲ್ಲ.

ಮೂರು ರೋಲಿನ ನೆಗೆಟಿವುಗಳನ್ನೂ ಪ್ರಿಂಟುಗಳನ್ನೂ ಪುಟ್ಟಸ್ವಾಮಿ ನನ್ನಲ್ಲೇ ಬಿಟ್ಟಿದ್ದರು. ಅವನ್ನು ಹಿಂತಿರುಗಿಸಬೇಕೆಂದು ಮೇಜಿನ ಮೇಲೆ ಇಟ್ಟಿದ್ದೆ. ನನ್ನ ಹೆಂಡತಿ ಮೇಜು ಒರೆಸಲು ಬಂದವಳು ಮೊದಲ ರೋಲಿನ ಒಂದು ಪ್ರಿಂಟು ಎತ್ತಿ ನೋಡಿದಳು. ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು.

"ಇದು ಯಾರ ಕೈ?" ಎಂದಳು.

ಆರು ತಿಂಗಳಲ್ಲಿ ಆ ಪ್ರಿಂಟನ್ನು ನಾನು ಎಷ್ಟು ಸಲ ನೋಡಿದ್ದೆನೋ. ಮಗುವಿನ ಮುಖ ಸರಿಯಿಲ್ಲ ಎನ್ನುವುದನ್ನು ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ. ಬಲಗಡೆ ಅಂಚಿನಿಂದ ಒಂದು ಕೈ ಒಳಕ್ಕೆ ಚಾಚಿತ್ತು, ಮೊಣಕೈವರೆಗೆ. ಕೈಯಲ್ಲಿ ಒಂದು ಗಿಲಕಿ. ಮಗು ಕ್ಯಾಮೆರಾದ ಕಡೆ ನೋಡಲಿ ಎಂದು ಜಯಮ್ಮ ಕ್ಯಾಮೆರಾದ ಪಕ್ಕದಲ್ಲಿ ನಿಂತು ಗಿಲಕಿ ಆಡಿಸಿದ್ದರು. ಮಗುವಿನಿಂದ ಅಷ್ಟು ದೂರದಲ್ಲಿ, ಕಾಯಿಲೆ ಹತ್ತಬಾರದೆಂದು, ಎಷ್ಟಾಗುತ್ತದೋ ಅಷ್ಟು ಕೈ ಚಾಚಿ.

ಆ ಕೈ ಸ್ಪಷ್ಟವಾಗಿ ಬಂದಿತ್ತು. ಲೆನ್ಸು ಹೊರಗೆ ನಿಂತದ್ದರಿಂದ ಅದು ಕಂಡದ್ದು ಆ ಕೈಯೊಂದನ್ನೇ. ನಾಲ್ಕು ಗಾಜಿನ ಬಳೆ, ಸಡಿಲವಾಗಿ ಮುಂಗೈಗೆ ಇಳಿದಿದ್ದವು. ಎದ್ದು ಕಾಣುವ ಮಣಿಕಟ್ಟಿನ ಮೂಳೆ. ಹೆಬ್ಬೆರಳಿನ ಉಗುರಿನ ಪಕ್ಕ ಒಂದು ಹಳೆಯ ಗಾಯದ ಗುರುತು. ಅದೂ ಅಚ್ಚೊತ್ತಿದ ಹಾಗಿತ್ತು.

ಆ ನೆಗೆಟಿವನ್ನು ತೆಗೆದುಕೊಂಡು ನಾನೇ ಮೈಸೂರಿಗೆ ಹೋದೆ. ಕೈಯಷ್ಟನ್ನೇ ದೊಡ್ಡದು ಮಾಡಿಕೊಡಿ ಎಂದೆ. ಸ್ಟುಡಿಯೋದವರು ಎರಡೆರಡು ಸಲ ಕೇಳಿದರು, ಬರೀ ಕೈ ಸಾಕೇ, ಮುಖ ಬೇಡವೇ ಎಂದು. ಇರುವುದೇ ಅಷ್ಟು ಎಂದೆ. ಫ್ರೇಮು ಹಾಕಿಸಿದೆ. ಪಿತೃಪಕ್ಷ ಹತ್ತಿರ ಬಂದಿತ್ತು. ಹಿರಿಯರಿಗೆ ಎಡೆ ಇಡುವಾಗ ಇಟ್ಟುಕೊಳ್ಳಲು ಜಯಮ್ಮನದೊಂದು ಫೋಟೋ ಇಲ್ಲ ಎಂದು ಪುಟ್ಟಸ್ವಾಮಿ ಒಮ್ಮೆ ಹೇಳಿದ್ದರು.

ಹೋದ ವಾರ, ಮಹಾಲಯ ಅಮಾವಾಸ್ಯೆಯ ದಿನ, ಚೆಟ್ಟಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಅವರ ಎಸ್ಟೇಟಿಗೆ ಹೋದೆ. ದಾರಿಯುದ್ದಕ್ಕೂ ಇದನ್ನು ಕೊಡುವುದು ಸರಿಯೋ ತಪ್ಪೋ ಎಂದು ಯೋಚಿಸಿದೆ. ಸತ್ತವರ ಕೈಯ ಫೋಟೋ ಯಾರು ಇಡುತ್ತಾರೆ? ಇದೂ ನನ್ನ ಇನ್ನೊಂದು ಅಧಿಕಪ್ರಸಂಗವೇ? ವಾಪಸು ಬರಬೇಕು ಎಂದು ಎರಡು ಸಲ ಅನಿಸಿತು.

ಮನೆಯಲ್ಲಿ ಎಡೆ ಸಿದ್ಧವಾಗಿತ್ತು. ಬಾಳೆ ಎಲೆ, ಪಾಯಸ, ವಡೆ, ಪಕ್ಕದಲ್ಲಿ ಮಡಚಿಟ್ಟ ಹೊಸ ಸೀರೆ. ಪುಟ್ಟಸ್ವಾಮಿ ಕಾಗದ ಬಿಚ್ಚಿ ಫೋಟೋ ನೋಡಿದರು. ಆಮೇಲೆ ಹೆಬ್ಬೆರಳಿನ ಆ ಗುರುತನ್ನು ತೋರಿಸಿ, ಇದು ಮದುವೆಯಾದ ವರ್ಷ ಹಲಸಿನಕಾಯಿ ಹೆಚ್ಚುವಾಗ ಆದದ್ದು ಎಂದರು. ಅಷ್ಟು ಹೇಳಿ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು.

ಸರೋಜ ಬಂದು ನೋಡಿ, ಇದು ಯಾರದು ಎಂದು ಅಜ್ಜಿಯನ್ನು ಕೇಳಿದಳು. ಅಮ್ಮನದು ಎಂದರು ಅಜ್ಜಿ. ಮಗು ಒಪ್ಪಿಕೊಂಡಿತು. ಮೂರು ವರ್ಷದ ಮಗು, ಅದಕ್ಕೆ ಅಮ್ಮ ಎಂದರೆ ದೂರದಿಂದ ಗಿಲಕಿ ಆಡಿಸುವ ಒಂದು ಕೈಯೇ ಇದ್ದಿರಬೇಕು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೆ ಹೊರಡಲೂ ಆಗಲಿಲ್ಲ.

ಅಜ್ಜಿ ಫೋಟೋವನ್ನು ಸೀರೆಯ ಹಿಂದೆ ಗೋಡೆಗೆ ಒರಗಿಸಿ ಇಟ್ಟರು. ಸೆರಗಿನಿಂದ ಗಾಜು ಒರೆಸಿದರು. ಸೊಸೆ ಮುತ್ತೈದೆಯಾಗಿ ಹೋದವಳು. ಅಜ್ಜಿ ಭರಣಿಯ ಮುಚ್ಚಳ ತೆಗೆದು, ಬೆರಳಿಗೆ ಕುಂಕುಮ ತೆಗೆದುಕೊಂಡು ಗಾಜಿನ ಹತ್ತಿರ ತಂದರು. ಬೆರಳು ಅಲ್ಲೇ ನಿಂತಿತು. ಮೇಲೆ ಒಮ್ಮೆ ಹೋಯಿತು, ಕೆಳಗೆ ಒಮ್ಮೆ ಬಂತು. ಆಮೇಲೆ ತಿರುಗಿ, ಇದೂ ನನಗೆ ಗೊತ್ತಿರುತ್ತದೆ ಎನ್ನುವ ಹಾಗೆ ನನ್ನನ್ನು ಕೇಳಿದರು:

"ಎಲ್ಲಿಗೆ ಇಡಲಿ, ಮೇಷ್ಟ್ರೇ?"